ಬೆಳೆಯದೆ ನಿಂತ ಬೇರು

ಆರಡಿಗೆ ಎರಡೋ ಮೂರೋ ಇಂಚು ಕಡಿಮೆ ಇದ್ದ ಹೆಂಗಸು, ಮಗು ಒಳಗೆ ಬಂದ ಕೂಡಲೇ ಅದರ ಮುಂದೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತುಬಿಡುವರು. ಕೂಡುವಾಗಲೊಮ್ಮೆ, ಏಳುವಾಗಲೊಮ್ಮೆ ಅವರ ಬಲ ಮೊಣಕಾಲು ಲಟಕ್ಕೆನ್ನುವುದು. ಬಿಳಿ ಕೋಟಿನ ಅಂಚಿಗೆ ಸದಾ ನೆಲದ ಧೂಳು. ಮಗುವಿನ ಕಣ್ಣಿಗೆ ತಮ್ಮ ಕಣ್ಣು ಸಮ ಬಂದ ಮೇಲೆಯೇ ಮಾತು. ಬೆಳಗಾವಿಯ ಆ ಹಲ್ಲಿನ ಡಾಕ್ಟರನ್ನು ನಮ್ಮ ಕಡೆಯವರೆಲ್ಲ ಡಾಕ್ಟರ್‌ಬಾಯಿ ಎಂದೇ ಕರೆಯುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನನ್ನ ಮಗಳಿಗೆ ಆಗ ಎಂಟು ವರ್ಷ. ಖಾನಾಪುರದಲ್ಲಿ ನಾನು ಕಲಿಸುತ್ತಿದ್ದ ಶಾಲೆಯಲ್ಲೇ ಅವಳೂ ಓದುತ್ತಿದ್ದಳು. ಒಂದು ದಿನ ಬೋರಿಂಗ್ ಪಂಪಿನ ಕಟ್ಟೆಯ ಮೇಲೆ ಜಾರಿ ಬಿದ್ದು, ಹಾಲುಹಲ್ಲು ಹೋಗಿ ಹೊಸದಾಗಿ ಬಂದಿದ್ದ ಮೇಲಿನ ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡಳು. ರಕ್ತ ನಿಂತಿತು, ನೋವೂ ನಿಂತಿತು, ನಾನು ಮರೆತೆ. ಆರು ತಿಂಗಳ ಮೇಲೆ ಅವಳ ತಲೆ ಬಾಚುವಾಗ ಕನ್ನಡಿಯಲ್ಲಿ ಕಂಡೆ: ಆ ಹಲ್ಲಿನ ಮೇಲೆ ವಸಡಿನಲ್ಲಿ ಜೋಳದ ಕಾಳಿನಷ್ಟು ಕೀವುಗುಳ್ಳೆ. ಊರಲ್ಲಿ ತೋರಿಸಿದಾಗ ಕಿತ್ತುಹಾಕುವುದೊಂದೇ ದಾರಿ, ದೊಡ್ಡವಳಾದ ಮೇಲೆ ಕಟ್ಟಿಸಿದರಾಯಿತು ಎಂದರು. ನನ್ನ ಗಂಡ ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿ ಯಾರೋ ಡಾಕ್ಟರ್‌ಬಾಯಿಯ ವಿಷಯ ಹೇಳಿದರು. ಬಸ್ಸು ಬೆಳಗಾವಿ ಮುಟ್ಟುವವರೆಗೆ ನನಗೆ ಒಂದೇ ಅಳುಕು: ಆರು ತಿಂಗಳು ಏನು ಮಾಡುತ್ತಿದ್ದೆ ಎಂದು ಅವರು ಕೇಳಿದರೆ?

ಅವರು ಕೇಳಲಿಲ್ಲ. ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಚೀಟಿಯ ಹಿಂಬದಿಗೆ ಪೆನ್ಸಿಲಿನಿಂದ ಹಲ್ಲು ಬರೆದು ತಿಳಿಸಿದರು. ಹಲ್ಲು ಹುಟ್ಟಿದ ಮೇಲೂ ಮೂರು ವರ್ಷ ಅದರ ಬೇರು ಬೆಳೆಯುತ್ತಿರುತ್ತದಂತೆ. ಇವಳು ಬಿದ್ದ ಮೇಲೆ ಹಲ್ಲಿನೊಳಗಿನ ಜೀವ ಸತ್ತು ಬೇರು ಅರ್ಧಕ್ಕೇ ನಿಂತಿದೆ. ತುದಿ ಕೊಳವೆಯಂತೆ ತೆರೆದಿದೆ, ಗೋಡೆ ತತ್ತಿಯ ಸಿಪ್ಪೆಯಷ್ಟು ತೆಳು. ಮೇಲಿಂದ ಮೇಲೆ ಔಷಧ ತುಂಬುತ್ತ ಒಂದೂವರೆ ವರ್ಷದಲ್ಲಿ ತುದಿ ಮುಚ್ಚಿಸುವ ರೂಢಿಯಿದೆ, ಆದರೆ ಗೋಡೆ ತೆಳುವಾಗಿಯೇ ಉಳಿದು ಮುಂದೊಮ್ಮೆ ಮುರಿಯಬಹುದು. ಈಚೆಗೆ ಇನ್ನೊಂದು ರೀತಿ ಬಂದಿದೆ: ಒಳಗನ್ನು ತೊಳೆದು, ಬೇರಿನ ತುದಿಯಿಂದ ಬೇಕಂತಲೇ ರಕ್ತ ಬರಿಸಿ, ಅದು ಹೆಪ್ಪುಗಟ್ಟಿದ ಮೇಲೆ ಹಲ್ಲು ಮುಚ್ಚುವುದು. ಆ ಹೆಪ್ಪಿನ ಆಸರೆಯಲ್ಲಿ ಬೇರು ಮತ್ತೆ ಬೆಳೆದರೂ ಬೆಳೆಯಬಹುದು.

“ಓದೀನ್ರಿ, ಕೈಲೆ ಇನ್ನೂ ಮಾಡಿಲ್ಲ,” ಎಂದರು. “ಆಗಲಿಲ್ಲಂದ್ರ ಹಳೇ ರೀತಿ ಐತಿ. ಹೂಂ ಅನ್ನೂದು ಬಿಡೂದು ನಿಮಗ ಬಿಟ್ಟದ್ದು. ಮನ್ಯಾಗ ಕೇಳ್ಕೊಂಡ ಬರ್ರಿ.”

ತನಗಿನ್ನೂ ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಮಗಳ ಮೇಲೆಯೇ ಕಲಿಯುತ್ತಾರೇನು ಎಂದು ಗಂಡ ಸಿಟ್ಟಾದರು. ನಾಲ್ಕು ದಿನ ಇಬ್ಬರಿಗೂ ಊಟ ಸೇರಲಿಲ್ಲ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವವರು ಹುಷಾರಾಗಿ ಮಾಡುತ್ತಾರೆ ಎಂದು ಕೊನೆಗೆ ನಾನೇ ಹಟ ಹಿಡಿದೆ. ಹಟ ಗೆದ್ದ ಮೇಲೆ ಹೆದರಿಕೆ ಇಮ್ಮಡಿಯಾಯಿತು. ಹೆಚ್ಚುಕಡಿಮೆಯಾದರೆ ಹೊಣೆ ನನ್ನದೇ.

ಮಕ್ಕಳಿಗೆ ಅವರು ನೋಯುವುದಿಲ್ಲ ಎಂದು ಎಂದೂ ಹೇಳುತ್ತಿರಲಿಲ್ಲ. “ಇಪ್ಪತ್ತು ಎಣಸೂತನಾ ನೋಯ್ತದ, ಆಮ್ಯಾಲ ಇಲ್ಲ,” ಎಂದು ತಾವೇ ಎಣಿಸುವರು; ಮರಾಠಿ ಮಕ್ಕಳಿಗೆ ಮರಾಠಿಯಲ್ಲಿ. ನನ್ನ ಮಗಳಿಗೆ ಎರಡೂ ಬರುತ್ತಿತ್ತು, ಯಾವುದರಲ್ಲಿ ಬೇಗ ಮುಗಿಯುತ್ತದೆ ಎಂದು ಕೇಳಿದಳು. ಹದಿನೇಳಕ್ಕೇ ಸೂಜಿ ಹೊರಗೆ ಬಂದರೂ ಇಪ್ಪತ್ತರವರೆಗೆ ಎಣಿಸಿಯೇ ನಿಲ್ಲಿಸುವರು.

ಮೊದಲ ಸಲ ಒಳಗೆ ತೊಳೆದು ಔಷಧ ಇಟ್ಟರು. ಮೂರು ವಾರದಲ್ಲಿ ಗುಳ್ಳೆ ಇಳಿಯಿತು. ರಕ್ತ ಬರಿಸುವ ದಿನ ನಾನು ಮಗಳ ಪಾದ ಹಿಡಿದು ಕೂತಿದ್ದೆ. ಸಣ್ಣ ಸೂಜಿಯನ್ನು ಬೇರಿನ ತುದಿಯಾಚೆ ಮುಟ್ಟಿಸಿದರು, ರಕ್ತ ಬರಲಿಲ್ಲ. ಮತ್ತೆ ಮುಟ್ಟಿಸಿದರು, ಇಲ್ಲ. ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯಿತು. ಮೂರನೆಯ ಸಲದ ಮೇಲೆ ಕೈ ಹಿಂದಕ್ಕೆ ತೆಗೆದರು. ಔಷಧ ಮತ್ತೆ ತುಂಬಿ, ಹಲ್ಲು ಮುಚ್ಚಿ, ನನ್ನ ಕಡೆ ತಿರುಗಿದರು.

“ತಪ್ಪು ನಂದ್ರಿ ಅಕ್ಕಾರ. ಜೋಮು ಹಿಡಸಾಕ ಕೊಟ್ಟ ಇಂಜೆಕ್ಷನ್‌ದಾಗ ರಕ್ತ ತಡಿಯೂ ಔಷಧನೂ ಇರ್ತದ. ನನಗದು ಹೊಳೀಲಿಲ್ಲ.”

ಆಮೇಲೆ ಮಗಳನ್ನು ಕುರ್ಚಿಯಿಂದ ಇಳಿಸಿ, ಎದುರಿಗೆ ಕೂತು, ಅದನ್ನೇ ಅವಳಿಗೂ ಹೇಳಿದರು. ಇನ್ನೊಮ್ಮೆ ನೋವು ತಡೆಯಬೇಕಾಗುತ್ತದೆ, ಅದೂ ತಮ್ಮ ತಪ್ಪಿಗೆ ಎಂದರು. ಎಷ್ಟು ಎಣಿಸಬೇಕು ಎಂದು ಇವಳು ಕೇಳಿದಳು. ಈ ಸಲ ನಲವತ್ತು ಎಂದರು. ಎಂಟು ವರ್ಷದ ಮಗುವಿನ ಮುಂದೆ ದೊಡ್ಡವರೊಬ್ಬರು ಹಾಗೆ ತಪ್ಪೊಪ್ಪಿಕೊಂಡದ್ದನ್ನು ನಾನು ಮತ್ತೆ ಕಂಡಿಲ್ಲ.

ಹದಿನೈದು ದಿನದ ಮೇಲೆ ಬೇರೆ ಇಂಜೆಕ್ಷನ್ ಕೊಟ್ಟರು. ಮೂವತ್ತೊಂದಕ್ಕೆ ರಕ್ತ ಬಂತು. ಒದ್ದೆ ಹತ್ತಿಯನ್ನು ಹಲ್ಲಿಗೊತ್ತಿ ಕಾಲು ತಾಸು ಅಲುಗದೆ ನಿಂತರು, ಆಮೇಲೆ ಸಿಮೆಂಟು ಹಾಕಿ ಮುಚ್ಚಿದರು.

ಮೂರು ತಿಂಗಳ ಫಿಲ್ಮಿನಲ್ಲಿ ಏನೂ ಬದಲಾಗಿರಲಿಲ್ಲ. ಆರು ತಿಂಗಳಿಗೂ ಬೇರು ಹಾಗೆಯೇ. ಮಗಳು ಕಬ್ಬು ಮುಟ್ಟಿದರೆ ನಾನು ಕಿರುಚುತ್ತಿದ್ದೆ. ಅವಳು ನಿದ್ದೆಯಲ್ಲಿದ್ದಾಗ ತುಟಿ ಎತ್ತಿ ವಸಡು ನೋಡುತ್ತಿದ್ದೆ. ಡಾಕ್ಟರ್‌ಬಾಯಿ ಮಾತ್ರ ಕಾಯೋಣ ಎಂದು ಸಮಾಧಾನವಾಗಿ ಹೇಳಿ ಕಳಿಸುವರು. ಆ ಸಮಾಧಾನ ಕಂಡು ನನಗೆ ಒಳಗೊಳಗೇ ಕುದಿಯುತ್ತಿತ್ತು. ಇವರಿಗೇನು, ಹತ್ತರ ಕೂಡ ಹನ್ನೊಂದು ಎನಿಸುತ್ತಿತ್ತು.

ವರ್ಷ ತುಂಬಿದಾಗ ಹಳೆಯ ಫಿಲ್ಮು, ಹೊಸ ಫಿಲ್ಮು ಎರಡನ್ನೂ ಜೋಡಿಸಿ ಹಿಡಿದು ನನ್ನನ್ನು ಕಿಟಕಿಗೆ ಕರೆದರು. ಗೋಡೆ ದಪ್ಪವಾಗಿತ್ತು, ತುದಿ ಕೂಡುತ್ತ ಬಂದಿತ್ತು. “ಬೆಳದದರಿ,” ಎಂದಷ್ಟೇ ಹೇಳಿ ಮುಂದಿನ ಮಗುವನ್ನು ಕರೆದರು.

ಹನ್ನೆರಡು ವರ್ಷದ ಮೇಲೆ ಅವರು ಲಿಂಗೈಕ್ಯರಾದ ಸುದ್ದಿ ಬಂತು. ಮಗಳನ್ನು ಕರೆದುಕೊಂಡು ರಾಮತೀರ್ಥ ನಗರದ ಅವರ ಮನೆಗೆ ಹೋದೆ. ಗುರುತಿನವರು ಯಾರೂ ಇರಲಿಲ್ಲ. ಗೋಡೆಗೊರಗಿ ಕೂತಿದ್ದ ಅವರ ತಾಯಿ, ತೀರ ವಯಸ್ಸಾದವರು, ಯಾವ ಊರು ಎಂದು ಕೇಳಿದರು. ಖಾನಾಪುರ, ಇವಳ ಹಲ್ಲು ಉಳಿಸಿದವರು ನಿಮ್ಮ ಮಗಳು ಎಂದೆ. ಆ ಮನೆಯಲ್ಲಿ ಅಂದು ಅದು ಬಹಳ ಸಣ್ಣ ಮಾತಾಗಿ ಕೇಳಿಸಿತು.

ಮುದುಕಿ ತಲೆ ಎತ್ತಿದರು. “ಖಾನಾಪುರದ ಹುಡುಗಿ ನೀನೇನವಾ? ನಿನ್ನ ಹಲ್ಲಿನ ಸಲುವಾಗಿ ಒಂದು ವರ್ಷ ನನ್ನ ಮಗಳಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಆ ಫೋಟೋ ಮನಿಗೆ ತರಾಕಿ. ಎವ್ವಾ, ಬೆಳದಂಗ ಕಾಣತೈತೇನ ನೋಡ ಅಂತ ನನಗ ತೋರಸಾಕಿ. ನನಗೇನ ತಿಳೀತೈತಿ ಅದು.” ಇವಳ ಕಡೆ ಕೈ ಚಾಚಿ, “ತೋರಸ್ ನೋಡೂಣು,” ಎಂದರು.

ಜನ ಅಳುತ್ತಿದ್ದ ಆ ಪಡಸಾಲೆಯಲ್ಲಿ ನನ್ನ ಮಗಳು ಮುದುಕಿಯ ಮುಂದೆ ಕೂತು ಬಾಯಿ ತೆರೆದಳು. ಅವರು ಹೆಬ್ಬೆರಳನ್ನು ಆ ಹಲ್ಲಿನ ಮೇಲಿಟ್ಟು, ಗಟ್ಟಿಯಿದೆಯೇ ಎಂದು ಒಮ್ಮೆ ಒತ್ತಿ ನೋಡಿದರು.