ಬೇಗ ಒಪ್ಪಿದವರನ್ನು ನಂಬದಾಕೆ

ಜನರನ್ನೇ ಮುಂದಿಟ್ಟು ಅಭಿವೃದ್ಧಿಯ ನೀತಿ ರೂಪಿಸಬೇಕೆನ್ನುವ ಪ್ರಾದೇಶಿಕ ಕೇಂದ್ರವೊಂದು ಬೈಲಹೊಂಗಲದಲ್ಲಿತ್ತು. ಅದರ ಮುಖ್ಯಸ್ಥೆ ಹೇಳಿದ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು. ಆ ಗುಣ ನನಗೆ ಹಿಡಿಸಿತ್ತು. ಉಳಿದದ್ದರ ಬಗ್ಗೆಯೆಲ್ಲ ನನಗೆ ಸಂಶಯವೇ. ಹಾಕಿದ ಕುರ್ಚಿ ಬಿಟ್ಟು ಜಮಖಾನೆಯ ತುದಿಯಲ್ಲಿ ಕೂರುವರು. ಎಲ್ಲರೂ ಹೂಂ ಎಂದರೆ ಕನ್ನಡಕ ತೆಗೆದು, "ಇಷ್ಟ ಲಗೂ ಒಪ್ಪಿದ್ರ ನನಗ ನಂಬಿಕಿ ಬರೂದಿಲ್ರಿ," ಎನ್ನುವರು. ಚುನಾವಣೆಗೆ ನಿಲ್ಲುವ ತಯಾರಿ ಇರಬೇಕೆಂದು ನಾನು ಎಣಿಸಿದ್ದೆ.

ಕಿತ್ತೂರು ಕಡೆಯ ನಮ್ಮೂರಿನಲ್ಲಿ ಅಂಗನವಾಡಿಗೆ ಜಾಗ ಗೊತ್ತುಮಾಡಲು ಹಿರಿಯರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದ್ದೆವು; ಆಕೆಯೂ ಬಂದಿದ್ದರು. ಹೆದ್ದಾರಿಯಾಚೆ, ಪಂಚಾಯಿತಿ ಪಕ್ಕದ ಜಾಗಕ್ಕೆ ಎಲ್ಲರೂ ಕೈ ಎತ್ತಿದೆವು. ಆಕೆ ಕನ್ನಡಕ ತೆಗೆದರು. ಚಹಾದ ಕಪ್ಪುಗಳನ್ನು ತಾವೇ ಜೋಡಿಸಿಕೊಂಡು ಅಡುಗೆಮನೆಗೆ ಹೋದವರು ಬೇಗ ಹೊರಬರಲಿಲ್ಲ.

"ಒಳಗ ಏನ ಮಸಲತ್ತು ನಡದೈತೋ! ಮಾಸ್ತರ, ನಿಮ್ಮ ಮನಿ ಪಾರ್ಟಿ ಬದಲಾತು," ಎಂದು ಗೌಡರು ನಕ್ಕರು. ನಾನು ನಗಲಿಲ್ಲ.

ಕೊನೆಗೆ ಆಕೆಯ ಹಿಂದೆಯೇ ನನ್ನ ಸೊಸೆ ಬಂದು ಹೊಸ್ತಿಲಲ್ಲಿ ನಿಂತಳು. ಹಿರಿಯರೆದುರು ಎಂದೂ ಬಾಯಿ ಬಿಟ್ಟವಳಲ್ಲ.

"ಮಾವಾರ, ಅಲ್ಲಿ ಬ್ಯಾಡ್ರಿ. ಕಬ್ಬಿನ ಟ್ರ್ಯಾಕ್ಟರ್ ಅಡ್ಡಾಡೂ ರಸ್ತಾ ದಾಟಿಸಿ ನಾ ಕೂಸಿನ್ನ ಕಳಸೂದಿಲ್ಲ."

ಜಾಗ ರಸ್ತೆಯ ಈಚೆಗೆ, ಹಣಮಂತ ದೇವರ ಗುಡಿಯ ಹಿಂದೆ ಗೊತ್ತಾಯಿತು.

ಆಕೆ ಹೋದೊಡನೆ ಸೊಸೆಯನ್ನು ಕರೆದೆ. "ಆ ಕೇಂದ್ರದ ಬಾಯಾರು ಏನ ಹೇಳಿಕೊಟ್ರು ನಿನಗ? ಖರೇ ಹೇಳು."

"ಏನೂ ಹೇಳಿಕೊಡಲಿಲ್ರಿ ಮಾವಾರ. ಕೂಸಿನ್ನ ದಿನಾ ಯಾರು ಕರಕೊಂಡ ಹೋಗಾವ್ರು ಅಂತ ಕೇಳಿದ್ರು, ಅಷ್ಟ."