ಭಾವ ಗಾಡಿ ನಿಲ್ಲಿಸಿದ ಜಾಗಗಳು

ಭಾವನ ಮುಖಕ್ಕಿಂತ ಅವರ ಕತ್ತಿನ ಹಿಂಭಾಗ ನನಗೆ ಚೆನ್ನಾಗಿ ನೆನಪಿದೆ. ಸಣ್ಣಗೆ ಕತ್ತರಿಸಿದ ನರೆಗೂದಲು, ಅದರ ಕೆಳಗೆ ಬಲಗಡೆಗೆ ಹುರುಳಿಕಾಳಿನಷ್ಟು ಒಂದು ಮಚ್ಚೆ, ಬಿಸಿಲು ಬಿದ್ದರೆ ಕೆಂಪಾಗುವ ಅಡ್ಡಗೆರೆಗಳು. ವ್ಯಾನಿನ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತು ನಾನು ಸಾವಿರಾರು ಮೈಲಿ ಆ ಕತ್ತನ್ನೇ ನೋಡುತ್ತಾ ಹೋಗಿದ್ದೇನೆ. ಅದು ನೆಟ್ಟಗಿರುವವರೆಗೆ ನಮಗೇನೂ ಆಗುವುದಿಲ್ಲ ಎಂದು ನಂಬಿದ್ದೆ.

ಅವರು ನನ್ನ ಅಕ್ಕನ ಗಂಡ. ಮನೆ ಟ್ರಾಯ್ ಎಂಬ ಊರಿನಲ್ಲಿ. ಕಾರುಗಳಿಗೆ ಬ್ರೇಕಿನ ಭಾಗಗಳನ್ನು ಮಾಡಿಕೊಡುವ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದರು. ನಾವಿರುವುದು ಇನ್ನೊಂದು ರಾಜ್ಯದ ಡೆಸ್ ಪ್ಲೇನ್ಸ್‌ನಲ್ಲಿ. ಅವರಿಗೆ ಮಕ್ಕಳಿಲ್ಲ. ನನ್ನ ಮಗಳ ‘ದೊಡ್ಡಪ್ಪ’ ಎಂಬ ಒಂದು ಕೂಗಿಗೆ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಏಳುತ್ತಿದ್ದರು.

ಹೋದ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅದರ ಹಿಂದಿನ ಬೇಸಿಗೆಯಲ್ಲಿ ನಾವು ಅವರ ಜೊತೆ ಮೊಂಟಾನಾದ ಹಿಮದ ಬೆಟ್ಟಗಳನ್ನು ನೋಡಿ ಬಂದಿದ್ದೆವು. ಆ ಪ್ರವಾಸಕ್ಕೆ ಮೊದಲೇ ಡಾಕ್ಟರು ಅವರಿಗೆ ಡ್ರೈವ್ ಮಾಡಕೂಡದು ಎಂದು ಹೇಳಿದ್ದರು. ಹೃದಯದ ಬಡಿತ ಇದ್ದಕ್ಕಿದ್ದಂತೆ ತಾಳ ತಪ್ಪಿ ಕಣ್ಣು ಕತ್ತಲೆ ಬರುವ ಕಾಯಿಲೆ. ಭಾವನಿಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿತ್ತು. ನನಗೆ ಹೇಳಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಎಂಟು ವರ್ಷದ ಮಗಳಿದ್ದಳು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರ ಬಗ್ಗೆ ಏನು ಬರೆಯಲು ಕೂತರೂ ಅದು ನಡುವೆ ಬಂದು ನಿಲ್ಲುತ್ತದೆ.

ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಗಂಡ ಬೆಳಗಾದರೆ ಪಕ್ಕದೂರು ಇಟಾಸ್ಕಾದ ಆಫೀಸಿಗೆ ಹೋಗಿಬಿಡುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ಪಾರ್ಕಿಂಗ್ ಜಾಗ ನೋಡುತ್ತಿದ್ದೆ. ಅಕ್ಕನ ಹತ್ತಿರ ಫೋನಿನಲ್ಲಿ ಒಂದು ದಿನ ಅತ್ತುಬಿಟ್ಟೆ. ಆ ಶನಿವಾರವೇ ಭಾವ ಟ್ರಾಯ್‌ನಿಂದ ಐದು ಗಂಟೆ ಗಾಡಿ ಓಡಿಸಿಕೊಂಡು ಬಂದರು. ಮುಚ್ಚಿಹೋದ ಒಂದು ಅಂಗಡಿಯ ಮುಂದಿನ ಬಯಲಿಗೆ ಕರೆದುಕೊಂಡು ಹೋಗಿ, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಹಿಮದ ಮೇಲೆ ಬೇಕೆಂದೇ ಜೋರಾಗಿ ಬ್ರೇಕ್ ಒತ್ತಿಸಿದರು. ಕಾರು ಗಿರ್ರನೆ ತಿರುಗಿತು. ನಾನು ಕಣ್ಣು ಮುಚ್ಚಿಕೊಂಡೆ.

“ಜಾರ್ಲಿ ಬಿಡಿ ನಾದಿನಿಯವರೇ,” ಎಂದರು. “ಜಾರೋದು ಹೇಗಿರತ್ತೆ ಅಂತ ಗೊತ್ತಾದ್ರೆ ಭಯ ಹೋಗತ್ತೆ. ಕಣ್ಣು ಮಾತ್ರ ಮುಚ್ಬೇಡಿ. ಬ್ರೇಕ್ ಹಾಕೋದು ಕಾಲಲ್ಲ, ಕಣ್ಣು.”

ಆಮೇಲೂ ಎಷ್ಟೋ ಶನಿವಾರ ಬಂದರು. ನಾನು ಕೆಲಸಕ್ಕೆ ಸೇರಿದ್ದು, ಮಗಳನ್ನು ಶಾಲೆಗೆ ಬಿಡುವುದು, ಈ ಊರಿನಲ್ಲಿ ಯಾರನ್ನೂ ಕಾಯದೆ ಬದುಕುವುದು, ಎಲ್ಲಕ್ಕೂ ಬುಡ ಆ ಶನಿವಾರಗಳೇ.

ಆದರೆ ಕಲಿಸಿದವರೇ ಪ್ರವಾಸದಲ್ಲಿ ಮಾತ್ರ ಯಾರಿಗೂ ಸ್ಟೇರಿಂಗ್ ಕೊಡುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಅದನ್ನು ಯಾರೂ ಕೇಳುತ್ತಲೂ ಇರಲಿಲ್ಲ. ಕೇಳಿದರೆ ಹಬ್ಬದ ದಿನ ಹಿರಿಯರು ಕೂತ ಮಣೆ ಎಳೆದ ಹಾಗೆ. ಎಲ್ಲಿ ನಿಲ್ಲಬೇಕು, ಹೆದ್ದಾರಿಯಿಂದ ಇಳಿಯಲು ಯಾವ ಎಕ್ಸಿಟ್ ಹಿಡಿಯಬೇಕು, ಚಪಾತಿ ಸುರುಳಿ ಯಾವಾಗ ಬಿಚ್ಚಬೇಕು ಎಂಬುದೆಲ್ಲ ಅವರದೇ ತೀರ್ಮಾನ. ಹೋಟೆಲಿನ ರೂಮಿನಲ್ಲಿ ಅಕ್ಕ ರೈಸ್ ಕುಕ್ಕರ್ ಇಟ್ಟು ಪುಳಿಯೋಗರೆ ಕಲಸುವಾಗ, ಅವರು ಹೊಗೆ ಅಲಾರಂ ಕೆಳಗೆ ಟವೆಲ್ ಬೀಸುತ್ತಾ ನಿಂತಿರುತ್ತಿದ್ದರು. ಕಲಸುವುದರಲ್ಲಿ ಹೊಗೆ ಎಲ್ಲಿಂದ ಬರಬೇಕು ಎಂದು ಅಕ್ಕ ರೇಗಿದರೆ, “ಇಂಜಿನಿಯರ್ ಕಣೆ, ಮುಂಜಾಗ್ರತೆ,” ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ನನ್ನ ಗಂಡನಿಗೆ ರಜೆ ಸಿಗಲಿಲ್ಲ. ನಾನು, ಮಗಳು, ಅಕ್ಕ, ಭಾವ ಹೊರಟೆವು. ವಿಸ್ಕಾನ್ಸಿನ್ ದಾಟಿ, ಮಿನೆಸೋಟ ದಾಟಿ, ಎಷ್ಟು ಹೋದರೂ ಮುಗಿಯದ ನಾರ್ತ್ ಡಕೋಟಾದ ಬಯಲಿಗೆ ಬಂದಾಗ ಭಾವನ ಕತ್ತು ಬೆವೆತಿರುವುದು ಕಂಡಿತು. ಧೈರ್ಯ ಮಾಡಿ, ಸ್ವಲ್ಪ ಹೊತ್ತು ನಾನು ಓಡಿಸಲೇ ಎಂದು ಕೇಳಿದೆ.

“ಯಾಕೆ, ನಾನು ಓಡಿಸ್ತಿರೋದು ಎತ್ತಿನಗಾಡಿ ಥರ ಇದ್ಯಾ?” ಎಂದರು.

ಅಕ್ಕ ನಕ್ಕಳು. ನಾನೂ ನಕ್ಕೆ. ಅವಳು ಅಂದು ಹೇಗೆ ನಕ್ಕಳು ಎಂದು ನಾನು ಈಗಲೂ ಯೋಚಿಸುತ್ತೇನೆ.

ದಾರಿಯುದ್ದಕ್ಕೂ ಅಕ್ಕ ಅವರನ್ನು ಮಾತಿಗೆಳೆಯುತ್ತಿದ್ದಳು. ಮೈಸೂರಿನಲ್ಲಿ ಅವರು ಓದುತ್ತಿದ್ದಾಗಿನ ಬಸ್ ನಿಲ್ದಾಣಗಳನ್ನು ಒಂದೊಂದಾಗಿ ಹೇಳಿಸುವುದು, ತಡವರಿಸಿದರೆ ಅವರ ತೊಡೆ ತಟ್ಟಿ ಮತ್ತೆ ಕೇಳುವುದು. ಇಷ್ಟು ವರ್ಷದ ಮೇಲೂ ಎಷ್ಟು ಅನ್ಯೋನ್ಯ ಎಂದುಕೊಂಡು ನಾನು ಮಗಳ ಮೇಲೆ ಕಂಬಳಿ ಹೊದಿಸುತ್ತಿದ್ದೆ. ಅಕ್ಕ ನಿಜಕ್ಕೂ ಅವರ ಎಚ್ಚರ ಪರೀಕ್ಷಿಸುತ್ತಿದ್ದಳು.

ಬೆಟ್ಟ ಹತ್ತತೊಡಗಿದ ಮೇಲೆ ಭಾವ ಆಗಾಗ ನಿಲ್ಲಿಸತೊಡಗಿದರು. ಜಲಪಾತದ ಹತ್ತಿರ, ಸರೋವರದ ಹತ್ತಿರ ನಿಲ್ಲಿಸಿದ್ದರೆ ಸರಿ. ಯಾರೂ ನಿಲ್ಲಿಸದ ಕಡೆಯೂ ನಿಲ್ಲಿಸುತ್ತಿದ್ದರು. ಘಾಟಿಯ ಮೇಲೆ ಒಂದು ಕಡೆ, ಒಂದು ಪಕ್ಕ ಆಳುದ್ದ ಹಿಮದ ಗೋಡೆ, ಇನ್ನೊಂದು ಪಕ್ಕ ಮಂಜು ತುಂಬಿದ ಪ್ರಪಾತ. ಅಲ್ಲಿ ಗಾಡಿಯನ್ನು ರಸ್ತೆ ಪಕ್ಕದ ಜಲ್ಲಿಯ ಮೇಲೆ ತಂದು ಎಂಜಿನ್ ಆರಿಸಿ, ಎಲ್ಲರೂ ಇಳಿದು ಫೋಟೋ ತೆಗೆದುಕೊಳ್ಳಿ ಎಂದರು.

“ದೊಡ್ಡಪ್ಪ, ದೇರ್ ಈಸ್ ನಥಿಂಗ್ ಹಿಯರ್,” ಎಂದಳು ಮಗಳು.

“ಏನೂ ಇಲ್ದಿರೋದನ್ನೂ ನೋಡ್ಬೇಕು ಪುಟ್ಟಿ,” ಎಂದರು ಭಾವ. ತಿರುಗಿ ನೋಡಲಿಲ್ಲ.

ನಾನೂ ಮಗಳೂ ಇಳಿದೆವು. ಮಗಳು ಬೇಸಿಗೆಯಲ್ಲೂ ಕರಗದ ಆ ಹಿಮಕ್ಕೆ ಕೈ ಹಾಕಿ ಕಿರುಚಿದಳು, ಮುದ್ದೆ ಮಾಡಿ ನನ್ನ ಮೇಲೆ ಎಸೆದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಗಾಡಿಯ ಕಡೆ ತಿರುಗಿದಾಗ ಭಾವ ಸೀಟಿಗೆ ಒರಗಿದ್ದರು, ಅಕ್ಕ ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ಗಂಡ ಹೆಂಡತಿ ತಮ್ಮಷ್ಟಕ್ಕೆ ಇರಲಿ ಎಂದು ನಾನು ಮರ್ಯಾದೆಗೆ ಮುಖ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಹಾರ್ನ್ ಕೇಳಿತು. ಹತ್ತಿ ಕೂತೆವು. ಅದೇ ಕೈ ನಮ್ಮನ್ನು ಆ ಪ್ರಪಾತದ ಅಂಚಿನಲ್ಲಿ ಕೆಳಗಿಳಿಸಿತು.

ನಮ್ಮ ಮನೆಯ ಗೋಡೆಯಲ್ಲಿರುವ ಫೋಟೋಗಳೆಲ್ಲ ಅಂಥ ಜಾಗಗಳವೇ. ಅವರಿಗೆ ಕಣ್ಣು ಕತ್ತಲೆ ಬಂದ ಕಡೆಗಳಲ್ಲೆಲ್ಲ ನನ್ನ ಮಗಳು ನಗುತ್ತಾ ನಿಂತಿದ್ದಾಳೆ.

ಫೆಬ್ರವರಿಯಲ್ಲಿ ಅವರು ಅಡುಗೆಮನೆಯಲ್ಲಿ ನಿಂತಲ್ಲೇ ಕುಸಿದರು. ಆಸ್ಪತ್ರೆ ತಲುಪಲಿಲ್ಲ. ಕರ್ಮಗಳೆಲ್ಲ ಮುಗಿದು ಊಟಕ್ಕೆ ಜನ ಸೇರಿದ ದಿನ ನಾನು ಸಾರು ಬಡಿಸುತ್ತಿದ್ದೆ. ಅವರ ಸ್ನೇಹಿತರ ಪೈಕಿ ಡಾಕ್ಟರ್ ಆಂಟಿ ಒಬ್ಬರು ನನ್ನ ಕೈ ಹಿಡಿದುಕೊಂಡರು.

“ಮೇ ತಿಂಗಳಲ್ಲೇ ಡ್ರೈವಿಂಗ್ ನಿಲ್ಸಿ ಅಂತ ಅವರ ಡಾಕ್ಟರು ಸ್ಟ್ರಿಕ್ಟಾಗಿ ಹೇಳಿದ್ರು. ಟ್ರಿಪ್ ಪೂರ್ತಿ ನೀವೇ ಓಡಿಸಿದ್ರಂತೆ. ‘ನನ್ನ ನಾದಿನಿ ಮೊಂಟಾನಾ ತನಕ ಕರ್ಕೊಂಡು ಹೋದ್ಲು’ ಅಂತ ಎಷ್ಟು ಜನಕ್ಕೆ ಹೇಳಿದಾರೆ ಗೊತ್ತಾ?”

ನಾನು, ಹೌದು ಆಂಟಿ, ಎಂದೆ. ಯಾಕೆ ಹಾಗೆಂದೆನೋ. ಸೌಟು ಹಿಡಿದು ಮುಂದಿನ ಎಲೆಗೆ ಹೋದೆ.

ಎಲ್ಲರೂ ಹೋದ ಮೇಲೆ ಅಕ್ಕನನ್ನು ಕೇಳಿದೆ. ಅವಳು ಪಾತ್ರೆ ಒರೆಸುತ್ತಿದ್ದಳು. ನಿಲ್ಲಿಸಲಿಲ್ಲ.

“ಹೇಳಿದ್ರೆ ನೀನು ಬರ್ತಿದ್ಯಾ?”

“ನಾನೇ ಓಡಿಸ್ತಿದ್ದೆ ಅಕ್ಕ.”

“ಅವರು ಪಕ್ಕದ ಸೀಟಲ್ಲಿ ಕೂತು ಬರ್ತಿರ್ಲಿಲ್ಲ ಕಣೆ. ನಿನ್ನ ಮಗಳಿಗೆ ಹಿಮದ ಬೆಟ್ಟ ತೋರಿಸ್ಬೇಕು, ಇದೊಂದು ಸಲ ಅಂದ್ರು. ಯಾರಿಗೂ ಹೇಳ್ಬಾರ್ದು ಅಂತ ನನ್ನ ಕೈಲಿ ಆಣೆ ಇಡಿಸ್ಕೊಂಡ್ರು.”

“ನನ್ನ ಮಗು ಹಿಂದೆ ಕೂತಿತ್ತು.”

ಅಕ್ಕ ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದಳು.

ಭಾವನ ಹತ್ತಿರ ಜಗಳವಾಡಬೇಕು. ಎದುರಿಗೆ ಕೂರಿಸಿಕೊಂಡು, ನಿಮ್ಮನ್ನು ನಂಬಿದ್ದೆನಲ್ಲ ಎಂದು ಒಮ್ಮೆ ಕೇಳಬೇಕು. ಕೇಳಿದ್ದರೆ ಅವರೇನೋ ತಮಾಷೆ ಮಾಡುತ್ತಿದ್ದರು, ನಾನು ನಗುತ್ತಿರಲಿಲ್ಲ, ಆಗ ಅವರಿಗೆ ತಿಳಿಯುತ್ತಿತ್ತು. ಆದರೆ ಅದಕ್ಕೆ ಈಗ ಅವರಿಲ್ಲ. ಸತ್ತವರ ಮೇಲಿನ ಸಿಟ್ಟನ್ನು ಎಲ್ಲಿ ಇಡಬೇಕೆಂದು ನನಗೆ ಗೊತ್ತಿಲ್ಲ. ಅವರಿಗೆ ನಾನು ಋಣಿ, ಅದೂ ನಿಜ. ಅತ್ತರೆ ಸಿಟ್ಟು ಬರುತ್ತದೆ, ಸಿಟ್ಟು ಮಾಡಿಕೊಂಡರೆ ಅಳು ಬರುತ್ತದೆ.

ಮೊನ್ನೆ ಮಗಳು ಮತ್ತೆ ಬೆಟ್ಟಕ್ಕೆ ಹೋಗೋಣ, ದೊಡ್ಡಮ್ಮನನ್ನೂ ಕರೆದುಕೊಂಡು ಹೋಗೋಣ ಎಂದು ಹಟ ಹಿಡಿದಳು. ಅಕ್ಕನಿಗೆ ಫೋನ್ ಮಾಡಿದೆ. ನಾನು ಓಡಿಸುತ್ತೇನೆ, ಆದರೆ ಹೊರಡುವ ಮೊದಲು ನಿನಗೇನಿದ್ದರೂ ಹೇಳಿಬಿಡಬೇಕು ಎಂದೆ.

“ಮಂಡಿ ನೋವು. ಶುಗರ್ ಬಾರ್ಡರ್‌ನಲ್ಲಿದೆ. ಅಷ್ಟೇ.”

“ಅಷ್ಟೇನಾ?”

“ಅಷ್ಟೇ ಕಣೆ. ದೇವರಾಣೆ.”

ಚಿಕ್ಕಂದಿನಿಂದ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ನಾವು. ನಮ್ಮ ನಡುವೆ ಆಣೆ ಎಂದೂ ಬೇಕಾಗಿರಲಿಲ್ಲ; ಅಕ್ಕ ನನಗೆ ಆಣೆ ಇಟ್ಟು ಹೇಳಿದ ಮೊದಲ ಮಾತು ಅದು.