ಖಾಲಿ ಅಧ್ಯಾಯಗಳ ಸ್ಟೇಷನ್ ಮಾವ

ನಮ್ಮ ಪ್ರಾರ್ಥನಾ ಮಂದಿರದ ಮಹಡಿಯ ಮೇಲೆ, ಸದ್ದು ಒಳಬಾರದಂತೆ ಗೋಡೆಗೆಲ್ಲ ಹಳೆಯ ಕಂಬಳಿ ಹೊದಿಸಿದ ಸಣ್ಣ ಕೋಣೆಯೊಂದಿದೆ. ಅಲ್ಲಿ ಕುಳಿತು, ಕಣ್ಣಿಲ್ಲದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವವರು ನಮ್ಮ ಸ್ಟೇಷನ್ ಮಾವ. ರೈಲುಗಳ ವೇಳೆಯನ್ನು ಘೋಷಿಸುತ್ತ ನಿವೃತ್ತರಾದ ಅವರಿಗೆ ಭಗವಂತನು ಕರುಣಿಸಿದ ಕಂಠವನ್ನು ನೆನೆದರೆ ನನ್ನ ಕೈಗಳು ತಾವಾಗಿಯೇ ಮುಗಿಯುತ್ತವೆ.

ಅವರದೊಂದು ಪದ್ಧತಿಯುಂಟು. ಓದು ಆರಂಭಿಸುವ ಮೊದಲೇ ಕಂಪ್ಯೂಟರಿನಲ್ಲಿ ಪುಸ್ತಕಕ್ಕೊಂದು ಫೋಲ್ಡರ್, ಅದರೊಳಗೆ ಪ್ರತಿಯೊಂದು ಅಧ್ಯಾಯಕ್ಕೂ ಒಂದು ಫೋಲ್ಡರ್ ಮಾಡಿಡುವರು. ಆ ಓದನ್ನು ನುಡಿಸಲು ಕೇಳುಗರ ಮನೆಯಲ್ಲಿರುವ ಗುಂಡಿಯ ಪೆಟ್ಟಿಗೆಯು ಇನ್ನೂ ಓದದ ಅಧ್ಯಾಯಗಳ ಹೆಸರನ್ನೂ ಹೇಳುವುದರಿಂದ, ಕಥೆ ಇನ್ನೆಷ್ಟು ಉಳಿದಿದೆಯೆಂದು ಕೇಳುವವರಿಗೆ ತಿಳಿಯುತ್ತಿತ್ತು.

“ಖಾಲಿ ಫೋಲ್ಡರ್ ಯಾಕೆ ಮಾವ?” ಎಂದು ಸೊಸೆ ಕೇಳಿದರೆ, “ಗಾಡಿ ತಡವಾಯ್ತು ಅಂತ ಪ್ಲಾಟ್‌ಫಾರ್ಮ್ ಕಿತ್ತುಹಾಕ್ತಾರೇನೇ?” ಎನ್ನುವರು. ಸೊಸೆಯೆಂದರೆ ಅವರ ತಂಗಿಯ ಮಗಳು. ಪ್ರೋಗ್ರಾಂ ಬರೆಯುವುದೇ ಅವಳ ಉದ್ಯೋಗ.

ಒಂದು ಕಾದಂಬರಿ ಅರ್ಧಕ್ಕೆ ಬಂದಾಗ ಮಾವನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಧ್ವನಿ ಮರಳುವುದೋ ಇಲ್ಲವೋ ಹೇಳಲಾಗದು, ಸದ್ಯಕ್ಕೆ ಪಿಸುಮಾತೂ ಕೂಡದು ಎಂದರು ವೈದ್ಯರು.

“ಮಾತಾಡಬೇಡಿ ಅಂದ್ರೆ ಕಣ್ಣಲ್ಲೇ ಭಾಷಣ ಬಿಗೀತೀರಲ್ಲ, ಮುಚ್ಚಿ ಅದನ್ನೂ!” ಎಂದು ಹೆಂಡತಿ ಗದರುವರು, ಮರೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವರು.

ಅದೇ ವಾರ ಸೊಸೆ ಪೆಟ್ಟಿಗೆಗಳಿಗೆ ಹೊಸ ಪ್ರೋಗ್ರಾಂ ಹಾಕಿದ್ದಳು. ಮರುದಿನವೇ ಕುರ್ಚಿಗೆ ಬೆತ್ತ ಹೆಣೆಯುವ ಅಂಧ ಅಮ್ಮನೊಬ್ಬರು, ನಾನೂ ಅಲ್ಲಿದ್ದಾಗ, ಮಾವನ ಮನೆಗೆ ಬಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

“ತಗೊಳ್ಳಿ ನಿಮ್ಮ ಪೆಟ್ಟಿಗೆ. ಆ ಹುಡುಗಿ ಮನೆ ಬಿಟ್ಟಲ್ಲಿಗೆ ಕಥೆ ಮುಗೀತು ಅನ್ನುತ್ತೆ ಇದು. ಗಂಟಲು ಕೆಟ್ಟಿದೆ, ಇನ್ನು ಓದಕ್ಕಾಗಲ್ಲ ಅಂತ ಬಾಯಿಬಿಟ್ಟು ಹೇಳಬಾರದಿತ್ತಾ ಅಣ್ಣಾ? ಕದ್ದುಮುಚ್ಚಿ ಮುಗಿಸಿಬಿಟ್ರಿ!”

ಮಾವ ಬಾಯಿ ತೆರೆದರು. ಹೆಂಡತಿ ಕೈ ಅಡ್ಡವಿಟ್ಟರು. ಮಾವನ ಮುಖ ಬಾಡಿತು. ಧ್ವನಿ ಹೋದರೆ ಹೋಗಲಿ, ಕಾಯುವವರೂ ಹೊರಟುಹೋದರೆ ತಾನು ಯಾರಿಗಾಗಿ ಗುಣವಾಗಬೇಕು ಎಂಬಂತಿತ್ತು ಆ ನೋಟ.

ಅಲ್ಲೇ ಇದ್ದ ಸೊಸೆ ಲ್ಯಾಪ್‌ಟಾಪ್ ಬಿಚ್ಚಿದಳು. ಅವಳ ಪ್ರೋಗ್ರಾಮಿನಲ್ಲಿ ಒಂದು ಫೋಲ್ಡರ್ ಎಂದರೆ ಒಂದು ಹೆಸರು ಮತ್ತು ಒಳಗಿರುವವುಗಳ ಪಟ್ಟಿ. ಆ ಪಟ್ಟಿಯಲ್ಲಿ ಮತ್ತೊಂದು ಫೋಲ್ಡರ್ ಸಿಕ್ಕರೆ ಅದಕ್ಕೂ ಹೆಸರು, ಅದಕ್ಕೂ ಪಟ್ಟಿ. ಹೀಗೆ ಒಂದರೊಳಗೊಂದು ಇಳಿಯುತ್ತ ಹೋಗಿ ಧ್ವನಿಯ ಫೈಲಿನಲ್ಲಿ ನಿಲ್ಲುವುದು, ಏಕೆಂದರೆ ಫೈಲಿಗೆ ಒಳಪಟ್ಟಿಯಿಲ್ಲ.

“ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!” ಎಂದು ಅವಳು ಹಣೆ ಬಡಿದುಕೊಂಡಳು. “ಪಟ್ಟಿ ಖಾಲಿ ಇರೋದೂ ಪಟ್ಟಿನೇ ಇಲ್ಲದಿರೋದೂ ಒಂದೇ ಅಂತ ಬರೆದಿದ್ದೀನಿ. ಮಾವನ ಖಾಲಿ ಅಧ್ಯಾಯನೆಲ್ಲ ಸದ್ದಿಲ್ಲದ ಫೈಲು ಅಂದ್ಕೊಂಡು ಬಿಸಾಕಿಬಿಟ್ಟಿದೆ.”

“ನಿಮ್ಮ ಮಾವ ಹೇಳಿದ್ದನ್ನ ಇವಳು ಕೇಳಿದ್ದರೆ ತಾನೇ!” ಎಂದರು ಮಾವನ ಹೆಂಡತಿ ನನ್ನ ಕಡೆ ತಿರುಗಿ, ಬೈಗುಳವೆಲ್ಲ ನನಗೇ ಸಲ್ಲಬೇಕೆಂಬಂತೆ.

ಖಾಲಿ ಪಟ್ಟಿಯೂ ಪಟ್ಟಿಯೇ ಎಂದು ತಿದ್ದಿ ಅವಳು ಪೆಟ್ಟಿಗೆಯನ್ನು ಮರಳಿಸಿದಳು. ಅಮ್ಮ ಗುಂಡಿ ಒತ್ತುತ್ತ ಹೋದರು, ಪೆಟ್ಟಿಗೆ ಹೇಳುತ್ತ ಹೋಯಿತು. ನದಿಯ ದಾರಿ, ಇನ್ನೂ ಓದಿಲ್ಲ. ಅಂಬಿಗನ ಮನೆ, ಇನ್ನೂ ಓದಿಲ್ಲ. ಒಂದೊಂದು ಹೆಸರಿಗೂ ಅವರ ಹುಬ್ಬು ಸಡಿಲಿತು.

“ಇಷ್ಟೊಂದು ಬಾಕಿ ಇದೆಯಾ! ಹಾಗಾದ್ರೆ ಕಾಯ್ತೀನಿ. ಅವಸರಪಟ್ಟು ಗಂಟಲು ಕೆಡಿಸ್ಕೊಂಡೀರಿ ಮತ್ತೆ, ಬೆತ್ತ ನನ್ನ ಕೈಯಲ್ಲೇ ಇರುತ್ತೆ!”

ಮಾವ ಸದ್ದಿಲ್ಲದೆ ನಕ್ಕರು; ಭುಜಗಳು ಕುಲುಕಿದವು. ಬರಿದನ್ನು ಇಲ್ಲವೆಂದು ತಳ್ಳದೆ, ತುಂಬುವ ತನಕ ಹೆಸರಿಟ್ಟು ಕಾಯುವ ಕರುಣಾಳುವಿಗೆ ನಾನು ಅಲ್ಲಿಯೇ ಮನದಲ್ಲಿ ನಮಿಸಿದೆ.

ಧ್ವನಿ ಮರಳಿತು, ದೇವರ ದಯೆ. ಆದರೆ ಹಿಂದಿನ ಘಂಟಾನಾದವಲ್ಲ, ಅಂಚು ಒಡೆದ ಧ್ವನಿ. ನದಿಯ ಅಧ್ಯಾಯ ಕೇಳಿದ ಸಂಜೆ ಅಮ್ಮ ಫೋನ್ ಮಾಡಿದರು. “ಸ್ವಲ್ಪ ಗೊರಗೊರ ಅನ್ನುತ್ತೆ ಅಣ್ಣ. ಇರಲಿ ಬಿಡಿ, ಈಗಲೇ ಮನುಷ್ಯರು ಓದಿದ ಹಾಗಿದೆ. ನಾಳೆ ಮುಂದಿನದು ಕಳಿಸಿ.”